ಕಪ್ಪು ಚಕ್ರ ಕೊಳ್ಳುವ ಮುನ್ನ: ದಿನಬಳಕೆಯ ಸೈಕಲ್ಲಿಗೆ ಬಾಳಿಕೆಯ ಗಾಲಿ ಆರಿಸುವ ಬಗೆ

ತುಮಕೂರಿನ ರೈಲು ನಿಲ್ದಾಣದ ಬಳಿ, ಬೆಳಗಿನ ಬೆಂಗಳೂರು ಗಾಡಿ ಹಿಡಿಯುವವರು ನಿಲ್ಲಿಸಿ ಹೋದ ಸೈಕಲ್ಲುಗಳ ಸಾಲನ್ನು ಒಮ್ಮೆ ಗಮನಿಸಿದರೆ ಎರಡು ತಲೆಮಾರುಗಳು ಒಟ್ಟಿಗೆ ನಿಂತಂತೆ ಕಾಣುತ್ತದೆ. ಒಂದು ಕಡೆ ಹೊಳೆಯುವ ಕ್ರೋಮ್ ರಿಮ್ಮಿನ, ಕಂಬಿ ಬ್ರೇಕಿನ ಹಳೆಯ ದೊಡ್ಡ ಸೈಕಲ್ಲುಗಳು. ಇನ್ನೊಂದು ಕಡೆ ರಿಮ್ಮು, ಕಡ್ಡಿ, ಚಕ್ರದ ನಡುವಿನ ಹಬ್ಬು ಎಲ್ಲವೂ ಕಪ್ಪಾಗಿರುವ ಹೊಸ ಹೈಬ್ರಿಡ್‌ಗಳು. ಹಳೆಯ ಚಕ್ರ ಸೊಟ್ಟಗಾಗಿ ಹೊಸದನ್ನು ಹಾಕಿಸಬೇಕೆಂದು ಅಂಗಡಿಗೆ ಹೋಗುವವರಲ್ಲಿ ಹೆಚ್ಚಿನವರು ಈಗ ಕೇಳುವುದೂ ಕಪ್ಪನ್ನೇ. ಅದರಲ್ಲಿ ತಪ್ಪೇನೂ ಇಲ್ಲ. ಕೆಂಪು ಮಣ್ಣಿನ ಈ ಊರಿನಲ್ಲಿ ಕಪ್ಪು ಚಕ್ರ ಕೊಳೆಯಾದರೂ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಕಪ್ಪು ಎಂಬುದು ಲೋಹದ ಗುಣವಲ್ಲ, ಲೋಹದ ಮೇಲಿನ ಲೇಪನ. ಆ ಲೇಪನದ ಅಡಿಯಲ್ಲಿ ಉಕ್ಕಿದೆಯೋ ಅಲ್ಯೂಮಿನಿಯಮ್ಮಿದೆಯೋ, ಕಡ್ಡಿಗಳು ಸಮನಾಗಿ ಬಿಗಿಯಾಗಿವೆಯೋ ಇಲ್ಲವೋ, ಹಬ್ಬಿನೊಳಗಿನ ಗುಂಡುಗಳಿಗೆ ಗ್ರೀಸ್ ಇದೆಯೋ ಇಲ್ಲವೋ ಎಂಬುದನ್ನು ಬಣ್ಣ ಹೇಳುವುದಿಲ್ಲ, ಎಷ್ಟೋ ಸಲ ಮುಚ್ಚಿಡುತ್ತದೆ.

ನಾನು ಮೊದಲ ಬಾರಿಗೆ ಕೊಂಡ ಜೋಡಿ ಕಪ್ಪು ಚಕ್ರಗಳು ಒಂದೇ ಮಳೆಗಾಲದಲ್ಲಿ ಬಣ್ಣ ಕಳೆದುಕೊಂಡವು. ಮರುವರ್ಷ ಹಿಂದಿನ ಚಕ್ರದ ಕಡ್ಡಿಗಳು ಒಂದೊಂದಾಗಿ ಮುರಿಯತೊಡಗಿದವು. ಆಗ ಮಾರಿದವರನ್ನು ದೂರಿದ್ದೆ. ನಾನು ಕೇಳಬೇಕಾದ ಪ್ರಶ್ನೆಗಳನ್ನೇ ಕೇಳಿರಲಿಲ್ಲ ಎಂಬುದು ತಿಳಿದದ್ದು ಬಹಳ ತಡವಾಗಿ. ಆ ಪ್ರಶ್ನೆಗಳನ್ನು ಕೇಳಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಬ್ರೇಕು, ಆಮೇಲೆ ಬಣ್ಣ

ನಿಮ್ಮ ಸೈಕಲ್ಲಿನ ಬ್ರೇಕು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ರಬ್ಬರಿನ ತುಂಡುಗಳು ರಿಮ್ಮಿನ ಎರಡು ಪಕ್ಕಗಳನ್ನು ಒತ್ತಿ ಹಿಡಿದರೆ ಅದು ರಿಮ್ ಬ್ರೇಕು. ಹಬ್ಬಿಗೆ ಸೇರಿದ ಉಕ್ಕಿನ ತಟ್ಟೆಯನ್ನು ಹಿಡಿದರೆ ಡಿಸ್ಕ್ ಬ್ರೇಕು. ಕಪ್ಪು ಚಕ್ರದ ವಿಚಾರದಲ್ಲಿ ಮಿಕ್ಕೆಲ್ಲ ನಿರ್ಧಾರಗಳೂ ಈ ಒಂದರಿಂದಲೇ ಹೊರಡುತ್ತವೆ.

ಅಲ್ಯೂಮಿನಿಯಮ್ ರಿಮ್ಮಿಗೆ ಕಪ್ಪು ಬಣ್ಣ ಬರುವುದು ಸಾಮಾನ್ಯವಾಗಿ ಎರಡು ರೀತಿಯಲ್ಲಿ. ಒಂದು ಆನೊಡೈಸಿಂಗ್: ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಲೋಹದ ಮೈಮೇಲೆ ಅದರದೇ ಆಕ್ಸೈಡ್ ಪದರವನ್ನು ಬೆಳೆಸಿ, ಆ ಪದರದ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಕುಡಿಸಿ, ಬಾಯಿ ಮುಚ್ಚುವ ಕ್ರಿಯೆ. ಇನ್ನೊಂದು ಪೌಡರ್ ಕೋಟಿಂಗ್ ಅಥವಾ ಮಾಮೂಲಿ ಪೇಂಟು: ಹೊರಗಿನಿಂದ ಬಳಿದು ಕಾಯಿಸಿ ಗಟ್ಟಿ ಮಾಡಿದ ಪದರ. ಆನೊಡೈಸ್ ಆದ ಪದರ ಬಹಳ ಗಟ್ಟಿಯಾದದ್ದು, ಸಿಪ್ಪೆಯಂತೆ ಏಳುವುದಿಲ್ಲ. ಆದರೆ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಪಾಲು ಮಾತ್ರ. ಪೇಂಟು ಅದಕ್ಕಿಂತ ದಪ್ಪ, ಆದರೆ ಕಲ್ಲು ತಾಗಿದ ಕಡೆ ಚಕ್ಕೆ ಏಳುತ್ತದೆ. ಬ್ರೇಕಿನ ರಬ್ಬರು ದಿನವೂ ಉಜ್ಜುವ ಪಟ್ಟಿಯಲ್ಲಿ ಈ ಎರಡೂ ನಿಲ್ಲುವುದಿಲ್ಲ. ನಮ್ಮ ಕಡೆಯ ರಸ್ತೆಯ ಧೂಳಿನಲ್ಲಿ ಗ್ರಾನೈಟಿನ ಪುಡಿ ಇದೆ. ಮಳೆಯ ಮೊದಲ ದಿನಗಳಲ್ಲಿ ಅದು ನೀರಿನೊಂದಿಗೆ ಕಲಸಿ ರಬ್ಬರಿಗೂ ರಿಮ್ಮಿಗೂ ನಡುವೆ ಸಾಣೆಯ ಪುಡಿಯಂತೆ ಕೆಲಸ ಮಾಡುತ್ತದೆ. ಆಗ ಕಪ್ಪು ಬಣ್ಣ ಒಂದೇ ಸಮನೆ ಹೋಗದೆ ಅಲ್ಲಲ್ಲಿ ಮಚ್ಚೆಮಚ್ಚೆಯಾಗಿ ಸವೆಯುತ್ತದೆ, ಮಚ್ಚೆ ಬಂದ ಕಡೆ ಬ್ರೇಕು ಒಂದು ರೀತಿ ಹಿಡಿದು ಬಣ್ಣ ಉಳಿದ ಕಡೆ ಇನ್ನೊಂದು ರೀತಿ ಹಿಡಿದು, ಪ್ರತಿ ಸುತ್ತಿಗೂ ಚಕ್ರ ಜಗ್ಗಿದಂತಾಗುತ್ತದೆ. ಚಕ್ರ ಸೊಟ್ಟಗಾಗಿದೆಯೆಂದು ತಿಳಿದು ಮೆಕ್ಯಾನಿಕ್ಕಿನ ಬಳಿ ಹೋದರೆ ಅವರಿಗೆ ಔಟ್, ಎಂದರೆ ಚಕ್ರದ ಸೊಟ್ಟ, ಎಲ್ಲೂ ಸಿಗುವುದಿಲ್ಲ.

ಆದ್ದರಿಂದ ರಿಮ್ ಬ್ರೇಕಿನ ಸೈಕಲ್ಲಿಗೆ ಕೊಳ್ಳುವಾಗ, ಮೈಯೆಲ್ಲ ಕಪ್ಪಾಗಿದ್ದು ಬ್ರೇಕು ಹಿಡಿಯುವ ಪಟ್ಟಿ ಮಾತ್ರ ಯಂತ್ರದಲ್ಲಿ ತಿರುವಿ ಬೆಳ್ಳಗೆ ಬಿಟ್ಟಿರುವ ರಿಮ್ಮನ್ನೇ ಕೇಳಬೇಕು. ನೋಟಕ್ಕೆ ಅದು ಪೂರ್ತಿ ಕಪ್ಪಲ್ಲ, ನಿಜ. ಆದರೆ ಅದರ ಕಪ್ಪು ವರ್ಷಗಟ್ಟಲೆ ಹಾಗೆಯೇ ಇರುತ್ತದೆ, ಏಕೆಂದರೆ ಸವೆಯುವ ಜಾಗದಲ್ಲಿ ಕಪ್ಪು ಇಲ್ಲವೇ ಇಲ್ಲ. ಆ ಬೆಳ್ಳನೆಯ ಪಟ್ಟಿಯಲ್ಲಿ ಸುತ್ತಲೂ ಒಂದು ಸಣ್ಣ ಗೆರೆಯೋ ಚಿಕ್ಕ ಗುಳಿಯೋ ಇದೆಯೇ ನೋಡಿ. ಅದು ಸವೆತದ ಗುರುತು. ಗೆರೆ ಮಾಯವಾದ ದಿನ ರಿಮ್ಮಿನ ಆಯಸ್ಸು ಮುಗಿಯಿತೆಂದು ಅರ್ಥ. ಬ್ರೇಕಿನ ಪಟ್ಟಿಯೂ ಕಪ್ಪಾಗಿಯೇ ಉಳಿಯುವಂತೆ ಸೆರಾಮಿಕ್ ಲೇಪನ ಮಾಡಿದ ರಿಮ್ಮುಗಳೂ ಇವೆ, ಆದರೆ ಅವುಗಳ ಬೆಲೆಯನ್ನೂ ಅವಕ್ಕೆ ಬೇಕಾದ ಪ್ರತ್ಯೇಕ ಬ್ರೇಕ್ ರಬ್ಬರನ್ನೂ ನೋಡಿದರೆ ಕೆಲಸಕ್ಕೆ ಹೋಗಿಬರುವ ಸೈಕಲ್ಲಿಗೆ ಅವು ಹೇಳಿಸಿದ್ದಲ್ಲ.

ಡಿಸ್ಕ್ ಬ್ರೇಕು ಇದ್ದರೆ ಮಾತ್ರ ಪೂರ್ತಿ ಕಪ್ಪು ರಿಮ್ಮನ್ನು ಧೈರ್ಯವಾಗಿ ಕೊಳ್ಳಬಹುದು, ಅಲ್ಲಿ ರಿಮ್ಮನ್ನು ಯಾವುದೂ ಉಜ್ಜುವುದಿಲ್ಲ. ಇದರ ತಿರುವುಮುರುವು ಅಪಾಯಕಾರಿ: ಡಿಸ್ಕಿಗೆಂದು ಮಾಡಿದ ರಿಮ್ಮಿನ ಪಕ್ಕ ಬ್ರೇಕಿನ ಒತ್ತಡಕ್ಕೂ ಸವೆತಕ್ಕೂ ತಕ್ಕಷ್ಟು ದಪ್ಪವಾಗಿರುವುದಿಲ್ಲ, ಹಲವು ಬಾರಿ ಚಪ್ಪಟೆಯಾಗಿಯೂ ಇರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ರಿಮ್ ಬ್ರೇಕಿನ ಸೈಕಲ್ಲಿಗೆ ಹಾಕಿಸಬೇಡಿ.

ಕಂಬಿ ಬ್ರೇಕಿನ ಹಳೆಯ ಸೈಕಲ್ಲಿನವರಿಗೆ ನನ್ನ ಸಲಹೆ ಬೇರೆ. ಆ ಬ್ರೇಕು ರಿಮ್ಮಿನ ಪಕ್ಕವನ್ನಲ್ಲ, ಹಬ್ಬಿನ ಕಡೆಗಿರುವ ಒಳಮೈಯನ್ನು ಹಿಡಿಯುತ್ತದೆ. ಅದಕ್ಕೆ ಬೇಕಾದ ರಿಮ್ಮಿನ ಆಕಾರವೇ ಬೇರೆ. ಕಪ್ಪಿನ ಆಸೆಗೆ ಆ ಸೈಕಲ್ಲಿನ ಚಕ್ರ ಬದಲಿಸಹೊರಟರೆ ಬ್ರೇಕನ್ನೂ ಬದಲಿಸಬೇಕಾಗುತ್ತದೆ. ಕ್ರೋಮ್ ರಿಮ್ಮನ್ನೇ ಒರೆಸಿ ಇಟ್ಟುಕೊಳ್ಳುವುದು ಜಾಣತನ.

ಟೈರಿನ ಮೇಲಿನ ಸಂಖ್ಯೆ

ಎರಡನೆಯದು ಅಳತೆ. 26 ಇಂಚು, 28 ಇಂಚು ಎಂಬ ಬಾಯಿಮಾತಿನ ಅಳತೆಯನ್ನು ನಂಬಿ ಚಕ್ರ ತಂದವರು ಮತ್ತೆ ಅಂಗಡಿಗೆ ಹೋಗುವುದು ಸಾಮಾನ್ಯ, ಏಕೆಂದರೆ ಒಂದೇ ಇಂಚಿನ ಹೆಸರಿನಲ್ಲಿ ಬೇರೆ ಬೇರೆ ವ್ಯಾಸದ ರಿಮ್ಮುಗಳಿವೆ. ನಿಮ್ಮ ಟೈರಿನ ಪಕ್ಕದಲ್ಲಿ ನಡುವೆ ಅಡ್ಡಗೆರೆಯಿಟ್ಟು ಅಚ್ಚು ಹಾಕಿರುವ ಎರಡು ಸಂಖ್ಯೆಗಳನ್ನು ಓದಿಕೊಳ್ಳಿ. 37-622 ಎಂದಿದ್ದರೆ ಟೈರಿನ ಅಗಲ 37 ಮಿ.ಮೀ., ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ವ್ಯಾಸ 622 ಮಿ.ಮೀ. ಎಂದರ್ಥ. ಹೈಬ್ರಿಡ್ ಸೈಕಲ್ಲುಗಳಲ್ಲಿ 700ಸಿ ಎನ್ನುವುದೂ, ಗುಡ್ಡ ಹತ್ತುವ (ಎಂ.ಟಿ.ಬಿ.) ಸೈಕಲ್ಲಿನಲ್ಲಿ 29 ಇಂಚು ಎನ್ನುವುದೂ ಈ 622ನ್ನೇ. 27.5 ಇಂಚಿನದು 584. ಗೇರಿನ 26 ಇಂಚಿನ ಎಂ.ಟಿ.ಬಿ. ಸೈಕಲ್ಲುಗಳದ್ದು 559, ಆದರೆ 26 x 1 3/8 ಎಂದು ಬರೆದಿರುವ ಸಾದಾ ಸೈಕಲ್ಲಿನದು 590. ಇವೆರಡೂ ಅಂಗಡಿಯಲ್ಲಿ ‘ಇಪ್ಪತ್ತಾರು’ ಎಂದೇ ಕರೆಸಿಕೊಳ್ಳುತ್ತವೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ದೊಡ್ಡ ಸೈಕಲ್ಲಿನ 28 x 1 1/2 ಎಂಬುದು 635. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ವ್ಯಾಸ ಸ್ವಲ್ಪ ಬೇರೆಯಾದರೂ ಬ್ರೇಕು ಹಿಡಿಯುತ್ತದೆ. ರಿಮ್ ಬ್ರೇಕಿನಲ್ಲಿ ಕೆಲವೇ ಮಿ.ಮೀ. ವ್ಯತ್ಯಾಸವಾದರೂ ರಬ್ಬರು ಟೈರನ್ನು ಉಜ್ಜುತ್ತದೆ ಇಲ್ಲವೇ ಗಾಳಿಯನ್ನು ಹಿಡಿಯುತ್ತದೆ.

ಬಳಿಕ ಮುಂದೆ ಫೋರ್ಕಿನ ಕಾಲುಗಳ ನಡುವೆ, ಹಿಂದೆ ಫ್ರೇಮಿನ ಕಾಲುಗಳ ನಡುವೆ, ಹಬ್ಬು ಕೂರುವ ಜಾಗದ ಒಳ ಅಗಲವನ್ನು ಸ್ಕೇಲಿನಿಂದ ಅಳೆಯಿರಿ. ಗೇರಿನ ಸೈಕಲ್ಲುಗಳಲ್ಲಿ ಮುಂದೆ 100 ಮಿ.ಮೀ., ಹಿಂದೆ 135 ಮಿ.ಮೀ. ಇರುವುದು ಹೆಚ್ಚು, ಬಾಗಿದ ಹ್ಯಾಂಡಲಿನ ಹಳೆಯ ಮಾದರಿಯ ರೋಡ್ ಸೈಕಲ್ಲಿನಲ್ಲಿ ಹಿಂದೆ 130, ಇತ್ತೀಚಿನ ಕೆಲವು ಡಿಸ್ಕ್ ಸೈಕಲ್ಲುಗಳಲ್ಲಿ ಹಬ್ಬನ್ನು ತೂರಿ ಹೋಗುವ 12 ಮಿ.ಮೀ. ದಪ್ಪದ ಆಕ್ಸಲ್ಲಿನ (ಅಚ್ಚಿನ) ಜೊತೆ 142. ಗೇರಿಲ್ಲದ ಸೈಕಲ್ಲುಗಳಲ್ಲಿ ಇದು ಇನ್ನೂ ಕಡಿಮೆ, ಒಂದೊಂದರಲ್ಲಿ ಒಂದೊಂದು, ಅಳೆಯದೆ ಹೇಳಲಾಗದು. ಫ್ರೇಮನ್ನು ಜಗ್ಗಿ ಅಗಲಿಸಿ ಕೂರಿಸುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅಲ್ಯೂಮಿನಿಯಮ್ ಫ್ರೇಮಾಗಿದ್ದರಂತೂ ಖಂಡಿತ ಬೇಡ.

ರಿಮ್ಮಿನ ಪರೀಕ್ಷೆಗೆ ಒಂದು ಅಯಸ್ಕಾಂತ

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಕಪ್ಪು ಬಣ್ಣ ಬಳಿದ ಉಕ್ಕಿನ ರಿಮ್ಮಿಗೂ ಕಪ್ಪು ಅಲ್ಯೂಮಿನಿಯಮ್ ರಿಮ್ಮಿಗೂ ಕಣ್ಣಿನಲ್ಲಿ ವ್ಯತ್ಯಾಸ ಕಾಣದಿರಬಹುದು, ಅಯಸ್ಕಾಂತಕ್ಕೆ ಕಾಣುತ್ತದೆ: ಅಂಟಿಕೊಂಡರೆ ಉಕ್ಕು. ಉಕ್ಕಿನ ರಿಮ್ಮು ತೂಕ ಹೆಚ್ಚು, ಮಳೆಯಲ್ಲಿ ಅದರ ಮೇಲೆ ರಬ್ಬರಿನ ಹಿಡಿತ ಬಹಳ ಕಡಿಮೆ, ಬಣ್ಣ ಎದ್ದ ಕಡೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕಡ್ಡಿಗಳಿಗೆ ಮಾತ್ರ ಈ ಪರೀಕ್ಷೆಯನ್ನು ನೆಚ್ಚಬೇಡಿ; ಸ್ಟೇನ್‌ಲೆಸ್ ಉಕ್ಕನ್ನು ತಂತಿಯಾಗಿ ಎಳೆಯುವಾಗ ಅದಕ್ಕೂ ಸ್ವಲ್ಪ ಕಾಂತಗುಣ ಬಂದಿರುತ್ತದೆ.

ಆಮೇಲೆ ರಿಮ್ಮಿನ ಒಳಭಾಗವನ್ನು, ಎಂದರೆ ಟ್ಯೂಬು ಕೂರುವ ಕಡೆಯನ್ನು ನೋಡಿ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲುಗಳ ತಲೆ ಅಲ್ಲಿಯೇ ಎದ್ದು ಕಾಣುತ್ತಿದ್ದರೆ ಅದು ಒಂಟಿ ಗೋಡೆಯ ರಿಮ್ಮು. ನಿಪ್ಪಲ್ಲಿನ ತಲೆ ಒಂದು ರಂಧ್ರದ ಆಳದಲ್ಲಿ, ಇನ್ನೊಂದು ಪದರದ ಕೆಳಗೆ ಕುಳಿತಿದ್ದರೆ ಅದು ಜೋಡಿ ಗೋಡೆಯದು. ಜೋಡಿ ಗೋಡೆಯ ರಿಮ್ಮು ಪೆಟ್ಟಿಗೆಯಂತೆ ಕೆಲಸ ಮಾಡುವುದರಿಂದ ಬಾಗುವುದಕ್ಕೂ ತಿರುಚುವುದಕ್ಕೂ ಬಹಳ ಹೆಚ್ಚು ಪ್ರತಿರೋಧ ಕೊಡುತ್ತದೆ, ಕಡ್ಡಿಗಳನ್ನು ಹೆಚ್ಚು ಬಿಗಿಯಾಗಿ ಕಟ್ಟಲು ಅವಕಾಶ ಕೊಡುತ್ತದೆ. ಬಿ.ಎಚ್. ರಸ್ತೆಯಿಂದ ಒಳಬೀದಿಗೆ ತಿರುಗಿದ ಕೂಡಲೇ ಎದುರಾಗುವ, ಬಣ್ಣ ಬಳಿಯದ ಉಬ್ಬುಗಳ ಮೇಲೆ ದಿನಕ್ಕೆ ನಾಲ್ಕು ಸಲ ಹಾರುವ ಚಕ್ರಕ್ಕೆ ಇದಕ್ಕಿಂತ ಕಡಿಮೆಯದು ಬೇಡ. ರಿಮ್ಮಿನ ಎರಡು ತುದಿಗಳು ಕೂಡುವ ಬೆಸುಗೆಯ ಜಾಗ ಸಾಮಾನ್ಯವಾಗಿ ವಾಲ್ವಿನ ರಂಧ್ರಕ್ಕೆ ನೇರ ಎದುರಿಗಿರುತ್ತದೆ. ಅಲ್ಲಿ ಉಗುರು ಆಡಿಸಿದಾಗ ಮೆಟ್ಟಿಲು ತಾಗಿದರೆ, ರಿಮ್ ಬ್ರೇಕಿನಲ್ಲಿ ಪ್ರತಿ ಸುತ್ತಿಗೂ ‘ಟಕ್’ ಎಂದು ಕೇಳುತ್ತದೆ.

ರಿಮ್ಮಿನ ಮೇಲೆ 622x19 ಎಂಬಂತೆ ಬರೆದಿದ್ದರೆ ಕೊನೆಯ ಸಂಖ್ಯೆ ಒಳ ಅಗಲ. 19 ಮಿ.ಮೀ. ಒಳ ಅಗಲಕ್ಕೆ 32ರಿಂದ 47 ಮಿ.ಮೀ.ವರೆಗಿನ ಟೈರು ಚೆನ್ನಾಗಿ ಕೂರುತ್ತದೆ, ಊರಿನ ಬಳಕೆಗೆ ಬೇಕಾದದ್ದೂ ಅಷ್ಟೇ. ವಾಲ್ವಿನ ರಂಧ್ರವನ್ನೂ ನೋಡಿಕೊಳ್ಳಿ: ಬೈಕು ಕಾರುಗಳ ವಾಲ್ವಿನಂಥದಕ್ಕೆ ಸುಮಾರು 8.5 ಮಿ.ಮೀ., ಸಣ್ಣ ಪ್ರೆಸ್ಟಾ ವಾಲ್ವಿಗೆ 6.5 ಮಿ.ಮೀ. ಬೇಕು. ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಿಕೊಳ್ಳುವ ಅಭ್ಯಾಸವಿದ್ದವರಿಗೆ ದೊಡ್ಡ ರಂಧ್ರವೇ ಅನುಕೂಲ.

ಬಾಳಿಕೆ ಇರುವುದು ಕಡ್ಡಿಯಲ್ಲಿ

ರಿಮ್ಮನ್ನು ನೋಡಿ ಮರುಳಾಗುವವರು ಕಡ್ಡಿಯನ್ನು ಎಣಿಸುವುದೂ ಇಲ್ಲ. ಚಕ್ರ ಹಾಳಾಗುವ ಕಥೆ ಬಹುಪಾಲು ಕಡ್ಡಿಯ ಕಥೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸವಾರನ ಭಾರ ಚಕ್ರದ ಮೇಲೆ ಕುಳಿತಾಗ, ನೆಲಕ್ಕೆ ತಾಗಿದ ಭಾಗದ ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಚಕ್ರ ಮುಂದಕ್ಕೆ ಉರುಳಿದಂತೆ ಮತ್ತೆ ಬಿಗಿಯಾಗುತ್ತದೆ. ಹೀಗೆ ಪ್ರತಿಯೊಂದು ಕಡ್ಡಿಯೂ ಸುತ್ತಿಗೆ ಒಮ್ಮೆ ಸಡಿಲಗೊಂಡು ಬಿಗಿಯಾಗುತ್ತದೆ. 37-622 ಅಳತೆಯ ಚಕ್ರ ಒಂದು ಸುತ್ತಿಗೆ ಸುಮಾರು 2.17 ಮೀಟರ್ ಸಾಗುತ್ತದೆ. ದಿನಕ್ಕೆ 12 ಕಿ.ಮೀ.ಯಂತೆ ವರ್ಷಕ್ಕೆ 250 ದಿನ ಓಡಿಸುವವರ ಚಕ್ರದ ಒಂದೊಂದು ಕಡ್ಡಿಯೂ ಒಂದು ವರ್ಷದಲ್ಲಿ ಸುಮಾರು 14 ಲಕ್ಷ ಬಾರಿ ಈ ಎಳೆತವನ್ನು ಅನುಭವಿಸುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಾಗಿಸಿ ಮುರಿಯುವ ಹಾಗೆ ಇದು ನಿಧಾನವಾಗಿ ನಡೆಯುವ ದಣಿವು. ಆ ದಣಿವು ಹೆಚ್ಚಾಗಿ ಎದ್ದು ಕಾಣುವುದು ಹಬ್ಬಿನ ಬಳಿ ಕಡ್ಡಿ ಬಾಗಿರುವ ಮೊಣಕೈಯಲ್ಲಿ. ಕಡ್ಡಿಗಳು ಆರಂಭದಲ್ಲೇ ಸಾಕಷ್ಟು ಬಿಗಿಯಾಗಿದ್ದರೆ ನೆಲದ ಬಳಿಯೂ ಪೂರ್ತಿ ಸಡಿಲವಾಗದೆ ಸಣ್ಣ ಏರಿಳಿತದಲ್ಲೇ ದುಡಿಯುತ್ತವೆ, ಬಹುಕಾಲ ಬಾಳುತ್ತವೆ. ಸಡಿಲವಾಗಿ ಕಟ್ಟಿದ ಚಕ್ರದಲ್ಲಿ ಮೊಣಕೈ ಪ್ರತಿ ಸುತ್ತಿಗೂ ಅಲುಗಾಡುತ್ತದೆ. ಅಂಥ ಚಕ್ರದಲ್ಲಿ ಕಡ್ಡಿ ಮುರಿದಾಗ ‘ಬಿಗಿ ಜಾಸ್ತಿಯಾಯಿತು’ ಎಂದು ಇನ್ನಷ್ಟು ಸಡಿಲ ಮಾಡುವವರನ್ನು ನೋಡಿದ್ದೇನೆ. ಕಾಯಿಲೆ ಅದೇ, ಮದ್ದೂ ಅದೇ ಎಂದಂತಾಯಿತು.

ಎಣಿಕೆಯ ವಿಚಾರಕ್ಕೆ ಬರೋಣ. ಹಳೆಯ ದೊಡ್ಡ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತಿದ್ದವು; ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಬೀಳುತ್ತದೆಂಬುದನ್ನು ಅರಿತೇ ಮಾಡಿದ ಲೆಕ್ಕ ಅದು. ಇಂದಿನ ಜೋಡಿ ಗೋಡೆಯ ರಿಮ್ಮಿಗೆ ಮುಂದೆ 32, ಹಿಂದೆ 36 ಇದ್ದರೆ ನನ್ನ ಮಟ್ಟಿಗೆ ನಿಶ್ಚಿಂತೆ. ಎರಡೂ ಕಡೆ 32 ಇದ್ದರೂ ಸಾಮಾನ್ಯ ತೂಕದವರಿಗೆ ಸಾಕು. ಕ್ಯಾರಿಯರಿನ ಮೇಲೆ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವ ರೂಢಿ ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಇದೆ. ಅದು 20 ಕಿಲೋ ತೂಕವನ್ನು ನೇರವಾಗಿ ಹಿಂದಿನ ಚಕ್ರದ ಮೇಲೆ ಇಟ್ಟಂತೆ, ಅದೂ ಉಬ್ಬಿನಲ್ಲಿ ಸವಾರನಂತೆ ಎದ್ದು ನಿಂತು ಪೆಟ್ಟು ತಪ್ಪಿಸದ ತೂಕ. ಅಂಥವರು ಹಿಂದಿನ ಚಕ್ರದಲ್ಲಿ 36ಕ್ಕಿಂತ ಕಡಿಮೆ ಒಪ್ಪಬಾರದು. ಇಪ್ಪತ್ತೋ ಇಪ್ಪತ್ತನಾಲ್ಕೋ ಕಪ್ಪು ಚಪ್ಪಟೆ ಕಡ್ಡಿಗಳ ಚಕ್ರ ಚಂದ. ಆದರೆ ಒಂದು ಕಡ್ಡಿ ಮುರಿದರೆ ರಿಮ್ಮು ಬ್ರೇಕಿಗೋ ಫ್ರೇಮಿಗೋ ತಾಗುವಷ್ಟು ಸೊಟ್ಟಗಾಗಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮನೆಗೆ ಬರಬೇಕಾಗಬಹುದು. 36ರಲ್ಲಿ ಒಂದು ಮುರಿದರೆ ಮೆಲ್ಲಗೆ ತುಳಿದುಕೊಂಡು ಮನೆ ಸೇರಬಹುದು.

ಕಡ್ಡಿಯ ದಪ್ಪ 14 ಗೇಜು, ಎಂದರೆ 2 ಮಿ.ಮೀ. ಇರಲಿ. ಅದರಲ್ಲೂ ಸ್ಟೇನ್‌ಲೆಸ್ ಇರಲಿ, ಮೇಲೆ ಕಪ್ಪು ಲೇಪನವಿದ್ದರೆ ಇರಲಿ. ಸತುವಿನ ಲೇಪನದ ಸಾದಾ ಉಕ್ಕಿನ ಕಡ್ಡಿಗೆ ಕಪ್ಪು ಬಳಿದು ಮಾರುವುದುಂಟು. ಎರಡು ವರ್ಷದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಉಜ್ಜಿ ಬಣ್ಣ ಹೋಗಿ, ಅಲ್ಲಿಂದಲೇ ತುಕ್ಕು ತೊಡಗುತ್ತದೆ. ನಿಪ್ಪಲ್ಲುಗಳು ಹಿತ್ತಾಳೆಯವು ಆಗಿರಬೇಕು. ಕಪ್ಪು ಹಿತ್ತಾಳೆ, ಕಪ್ಪು ಅಲ್ಯೂಮಿನಿಯಮ್ ಎರಡೂ ಸಿಗುತ್ತವೆ, ಹೊರಗಿನಿಂದ ಒಂದೇ. ಒಂದು ಬಿಡಿ ನಿಪ್ಪಲ್ಲನ್ನು ಸೂಜಿಯಿಂದ ಗೀರಿದರೆ ಹಳದಿ ಕಂಡದ್ದು ಹಿತ್ತಾಳೆ. ಅಲ್ಯೂಮಿನಿಯಮ್ ನಿಪ್ಪಲ್ಲು ಕೆಲವು ಗ್ರಾಂ ಹಗುರ, ಆದರೆ ಕಾಲಕ್ರಮೇಣ ಕಡ್ಡಿಗೆ ಕಚ್ಚಿಕೊಂಡು, ಔಟ್ ತೆಗೆಯಲು ಕೀಲಿ ಹಾಕಿದಾಗ ಮೂಲೆಗಳು ಸವೆದು ಹೋಗುತ್ತವೆ.

ಹಬ್ಬಿನ ಒಳಗೆ

ಹಬ್ಬು ಎರಡು ಬಗೆ. ಕಪ್ಪು ಮತ್ತು ಕೋನಿನ ನಡುವೆ ಬಿಡಿ ಗುಂಡುಗಳಿರುವುದು ಒಂದು, ಮುಚ್ಚಿದ ಬೇರಿಂಗ್ ಕೂರಿಸಿರುವುದು ಇನ್ನೊಂದು. ಇಲ್ಲಿ ‘ಕಪ್ಪು’ ಎಂದರೆ ಬಣ್ಣವಲ್ಲ, ಗುಂಡು ಕೂರುವ ಬಟ್ಟಲು; ಕೋನು ಎಂದರೆ ಆ ಗುಂಡುಗಳನ್ನು ಬಟ್ಟಲಿಗೆ ಒತ್ತಿ ಹಿಡಿಯುವ, ಆಕ್ಸಲ್ಲಿನ ಮೇಲಿನ ತುಂಡು. ಅಂಗಡಿಯಲ್ಲಿ ಈ ಎರಡು ಕಪ್ಪುಗಳಿಂದ ಆಗುವ ಗೊಂದಲ ಕೇಳಲು ತಮಾಷೆಯಾಗಿರುತ್ತದೆ. ಬಿಡಿ ಗುಂಡಿನ ಹಬ್ಬನ್ನು ಊರಿನ ಯಾವ ಸೈಕಲ್ ಅಂಗಡಿಯಲ್ಲೂ ಬಿಚ್ಚಿ ಗ್ರೀಸ್ ತುಂಬಿಸಬಹುದು. ಸಾಮಾನ್ಯವಾಗಿ ಮುಂದಿನ ಹಬ್ಬಿನಲ್ಲಿ ಒಂದೊಂದು ಪಕ್ಕಕ್ಕೆ 3/16 ಇಂಚಿನ 10 ಗುಂಡು, ಹಿಂದಿನದರಲ್ಲಿ 1/4 ಇಂಚಿನ 9 ಗುಂಡು ಇರುತ್ತವೆ. ಅವು ಹತ್ತಾರು ರೂಪಾಯಿಯ ಮಾತು. ಆದರೆ ವರ್ಷಕ್ಕೊಮ್ಮೆ ಆ ಕೆಲಸ ಮಾಡಿಸಲೇಬೇಕು. ಮಾಡಿಸದೆ ಬಟ್ಟಲಿನಲ್ಲಿ ಗುಳಿ ಬಿದ್ದರೆ ಹಬ್ಬನ್ನೇ ಬದಲಿಸಬೇಕು. ಮುಚ್ಚಿದ ಬೇರಿಂಗಿನಲ್ಲಿ ಆ ಕಾಟವಿಲ್ಲ. ಸವೆದಾಗ ಅದರ ಮೇಲೆ ಕೊರೆದ 6001 ಅಥವಾ 6902ರಂಥ ಸಂಖ್ಯೆಯನ್ನೂ, ಎರಡು ಕಡೆ ರಬ್ಬರಿನ ಮುಚ್ಚಳವಿದೆಯೆಂದು ಸೂಚಿಸುವ 2ಆರ್‌ಎಸ್ ಎಂಬ ಗುರುತನ್ನೂ ಬರೆದುಕೊಂಡು, ಮೋಟಾರು ರಿಪೇರಿಯವರಿಗೆ ಬೇರಿಂಗ್ ಮಾರುವ ಅಂಗಡಿಯಲ್ಲೇ ತರಬಹುದು. ನಿರ್ವಹಣೆಯ ತಾಳ್ಮೆ ಇಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಿಂದಿನ ಹಬ್ಬಿನಲ್ಲಿ ಮತ್ತೊಂದು ಆಯ್ಕೆ ಅಡಗಿದೆ. ಹಲ್ಲಿನ ಚಕ್ರಗಳ ಗೊಂಚಲು ಹಬ್ಬಿನ ಸ್ಕ್ರೂ ಸುತ್ತುಗಳ ಮೇಲೆ ತಿರುಗಿಸಿ ಕೂರಿಸುವ ಫ್ರೀವೀಲ್ ಆಗಿದ್ದರೆ, ಬಲಗಡೆಯ ಬೇರಿಂಗು ಒಳಗೆ ಸರಿದಿರುತ್ತದೆ, ಅದರಾಚೆಗಿನ ಆಕ್ಸಲ್ಲು ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಏಳು ಹಲ್ಲುಚಕ್ರಗಳ ಫ್ರೀವೀಲಿನ ಸೈಕಲ್ಲುಗಳಲ್ಲಿ ಆಕ್ಸಲ್ಲು ಬಾಗುವುದಕ್ಕೂ ಮುರಿಯುವುದಕ್ಕೂ ಇದೇ ಕಾರಣ. ಕ್ಯಾಸೆಟ್, ಎಂದರೆ ಜಾರಿಸಿ ಕೂರಿಸುವ ಗೊಂಚಲು, ಕೂರುವ ಫ್ರೀಹಬ್ಬಿನಲ್ಲಿ ಬಲಗಡೆಯ ಬೇರಿಂಗು ಹೊರಗೆ, ಫ್ರೇಮಿನ ಹತ್ತಿರಕ್ಕೆ ಬಂದಿರುತ್ತದೆ. ಆದ್ದರಿಂದ ಗೇರಿನ ಸೈಕಲ್ಲಿಗೆ ಹೊಸ ಹಿಂಚಕ್ರ ಹಾಕಿಸುವುದೇ ಆದರೆ ಫ್ರೀಹಬ್ಬಿನದನ್ನೇ ಹಾಕಿಸಿ. 8, 9, 10 ಗೇರಿನ ಶಿಮಾನೊ ಕಂಪನಿಯ ಮಾದರಿಯ ಕ್ಯಾಸೆಟ್ಟುಗಳು ಒಂದೇ ಫ್ರೀಹಬ್ಬಿಗೆ ಕೂರುತ್ತವೆ, 7 ಗೇರಿನದು ಕೂರಲು 4.5 ಮಿ.ಮೀ. ದಪ್ಪದ ಒಂದು ಉಂಗುರ ಸೇರಿಸಬೇಕು. ಡಿಸ್ಕ್ ಸೈಕಲ್ಲಿನವರು ತಟ್ಟೆ ಹಿಡಿಯುವುದು ಆರು ಸ್ಕ್ರೂಗಳಿಂದಲೋ, ನಡುವಿನ ಹಲ್ಲಿನ ಉಂಗುರದಿಂದಲೋ ಎಂಬುದನ್ನು ಹಳೆಯ ಹಬ್ಬಿನಲ್ಲಿ ನೋಡಿಕೊಂಡು ಅದನ್ನೇ ಕೇಳಿದರೆ ತಟ್ಟೆಯ ಖರ್ಚು ಉಳಿಯುತ್ತದೆ.

ಹಣ ಕೊಡುವ ಮೊದಲು

ಚಕ್ರವನ್ನು ಕೈಗೆ ತೆಗೆದುಕೊಂಡು ಆಕ್ಸಲ್ಲನ್ನು ಬೆರಳಿನಿಂದ ತಿರುಗಿಸಿ. ಮರಳು ಸಿಕ್ಕಿದಂತೆ ಗರಗರ ಎಂದರೆ ಕೋನು ಅತಿ ಬಿಗಿ. ಆಕ್ಸಲ್ಲು ಮೇಲೆ ಕೆಳಗೆ ಆಡಿದರೆ ಸಡಿಲ. ಎರಡನ್ನೂ ಅಲ್ಲಿಯೇ ಸರಿ ಮಾಡಿಸಿ. ಕಾರ್ಖಾನೆಯಿಂದ ಬರುವ ಚಕ್ರಗಳಲ್ಲಿ ಬಿಗಿಯಾಗಿರುವುದೇ ಹೆಚ್ಚು.

ಬಳಿಕ ಹಿಂದಿನ ಚಕ್ರದ ಒಂದೇ ಪಕ್ಕದ ಕಡ್ಡಿಗಳನ್ನು ಉಗುರಿನಿಂದ ಒಂದೊಂದಾಗಿ ಮೀಟುತ್ತ ಸುತ್ತು ಬನ್ನಿ. ತಂಬೂರಿಯ ಶ್ರುತಿ ಹಿಡಿಯುವ ಕಿವಿ ಬೇಕಿಲ್ಲ. ಒಂದು ಕಡ್ಡಿ ‘ಟಿಂಗ್’ ಎಂದು ಅದರ ಪಕ್ಕದ್ದು ‘ಡಬ್’ ಎಂದರೆ ಯಾರಿಗಾದರೂ ಕೇಳುತ್ತದೆ. ಒಂದೇ ಪಕ್ಕದವು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿರಬೇಕು. ಬಲ ಮತ್ತು ಎಡ ಪಕ್ಕಗಳನ್ನು ಹೋಲಿಸಬೇಡಿ: ಗೇರುಗಳಿಗೆ ಜಾಗ ಬಿಡಲು ರಿಮ್ಮು ಬಲಗಡೆಗೆ ಸರಿದಿರುವುದರಿಂದ ಬಲಗಡೆಯ ಬಿಗಿಗೆ ಎಡಗಡೆಯದು ಅರ್ಧದಿಂದ ಮೂರನೇ ಎರಡು ಪಾಲಿನಷ್ಟೇ ಇರುತ್ತದೆ, ಅದು ದೋಷವಲ್ಲ. ಬಿಗಿ ಅಳೆಯುವ ಸಾಧನ ಇರುವ ಅಂಗಡಿಯಾದರೆ ಬಲಗಡೆ 100ರಿಂದ 120 ಕಿಲೋ ಎಳೆತ ಬರುವಂತೆ ಕೇಳಿ. ರಿಮ್ಮಿನ ಮೇಲೆ ಅದಕ್ಕಿಂತ ಕಡಿಮೆಯ ಮಿತಿ ಬರೆದಿದ್ದರೆ ಅದನ್ನು ಮೀರಬಾರದು.

ಯಂತ್ರದಲ್ಲಿ ಕಟ್ಟಿದ ಚಕ್ರ ನೋಟಕ್ಕೆ ನೇರವಾಗಿರುತ್ತದೆ, ಬಿಗಿ ಮಾತ್ರ ಏರುಪೇರಾಗಿರುತ್ತದೆ. ಆದ್ದರಿಂದ ಚಕ್ರದ ಬೆಲೆಯ ಜೊತೆಗೆ, ಅದನ್ನು ಸ್ಟ್ಯಾಂಡಿಗೆ ಹಾಕಿ ಮತ್ತೊಮ್ಮೆ ಬಿಗಿ ಸರಿಪಡಿಸಿ ಕೊಡುವ ಕೂಲಿಯನ್ನೂ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ. ನಡುತರದ ಚಕ್ರವೊಂದನ್ನು ಕೈಪಳಗಿದ ಹಳೆಯ ಮೆಕ್ಯಾನಿಕ್ಕರಿಂದ ಬಿಗಿ ಮಾಡಿಸಿಕೊಂಡದ್ದು, ದುಬಾರಿ ಚಕ್ರವನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಹಾಕಿಸಿಕೊಂಡದ್ದಕ್ಕಿಂತ ಹೆಚ್ಚು ಬಾಳುತ್ತದೆ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಕೆಲಸ ಮುಗಿದ ಮೇಲೆ ಒಂದೇ ಪಕ್ಕದ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಮುಕುತ್ತ ಸುತ್ತು ಬರುವ ಮೆಕ್ಯಾನಿಕ್ಕು ಸಿಕ್ಕರೆ ಬಿಡಬೇಡಿ. ಮೊಣಕೈಗಳು ಹಬ್ಬಿನ ರಂಧ್ರದಲ್ಲಿ ಸರಿಯಾಗಿ ಕೂರುವುದೂ ಕಡ್ಡಿಯ ದಣಿವು ತಗ್ಗುವುದೂ ಆ ಅಮುಕಿನಿಂದಲೇ. ಬ್ರೇಕಿನ ರಬ್ಬರಿನ ಎದುರು ಚಕ್ರ ತಿರುಗಿಸಿದಾಗ ಪಕ್ಕದ ಔಟ್ ಅರ್ಧ ಮಿ.ಮೀ. ಒಳಗಿದ್ದರೆ ಸಾಕು.

ಮನೆಗೆ ತಂದ ಮೇಲೆ

ಜೋಡಿ ಗೋಡೆಯ ರಿಮ್ಮಿನ ರಂಧ್ರಗಳ ಮೇಲೆ ತೆಳು ರಬ್ಬರ್ ಪಟ್ಟಿಯ ಬದಲು ಅಂಟುವ ಬಟ್ಟೆಯ ಪಟ್ಟಿ ಸುತ್ತಿಸಿ. ರಬ್ಬರು ರಂಧ್ರಕ್ಕೆ ಕುಸಿದು ಟ್ಯೂಬು ಒಳಗಡೆಯಿಂದ ತೂತಾಗುತ್ತದೆ. ಜಾಲಿ ಮುಳ್ಳನ್ನು ಬೈಯುವ ಮುನ್ನ ತೂತು ಟ್ಯೂಬಿನ ಯಾವ ಕಡೆಯಿದೆ ಎಂದು ನೋಡಿ.

ಮೊದಲ 200 ಕಿ.ಮೀ. ಓಡಿದ ಮೇಲೆ ಚಕ್ರವನ್ನು ಮತ್ತೆ ಅದೇ ಮೆಕ್ಯಾನಿಕ್ಕಿನ ಬಳಿ ಒಯ್ದು ಕಡ್ಡಿಗಳನ್ನು ನೋಡಿಸಿ. ಹೊಸ ಕಡ್ಡಿಗಳು ತಮ್ಮ ಜಾಗದಲ್ಲಿ ಕುಳಿತು ಬಿಗಿ ಸ್ವಲ್ಪ ಇಳಿದಿರುತ್ತದೆ. ಈ ಒಂದು ಭೇಟಿಯನ್ನು ತಪ್ಪಿಸುವವರೇ ಹೆಚ್ಚು.

ಕಪ್ಪು ಚಕ್ರವನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ನಿಲ್ಲಿಸಿದರೆ ಗಡಸು ನೀರಿನ ಸುಣ್ಣ ಬಿಳಿ ಮಚ್ಚೆಯಾಗಿ ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿದರೆ ಮಚ್ಚೆ ಕೂರುವುದಿಲ್ಲ. ಮಚ್ಚೆ ತೆಗೆಯಲೆಂದು ವಾಷಿಂಗ್ ಸೋಡಾ ಹಚ್ಚಬೇಡಿ, ಕ್ಷಾರ ಆನೊಡೈಸ್ ಪದರವನ್ನೇ ತಿನ್ನುತ್ತದೆ. ಹೊಳಪಿಗೆಂದು ರಿಮ್ಮಿಗೆ ಎಣ್ಣೆ ಒರೆಸುವ ಹಳೆಯ ಅಭ್ಯಾಸವಂತೂ ರಿಮ್ ಬ್ರೇಕಿನವರಿಗೆ ಅಪಘಾತಕ್ಕೆ ಆಹ್ವಾನ. ಡಿಸ್ಕಿನ ತಟ್ಟೆಗೂ ಎಣ್ಣೆಯ ಕೈ ತಾಗಿಸಬಾರದು.

ನಿಲ್ದಾಣದ ಬಳಿ ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಕಪ್ಪು ಚಕ್ರದ ಟೈರು ಸಿಡಿಯುತ್ತದೆ ಎಂಬ ಭಯ ಹಲವರಿಗಿದೆ. ಲೆಕ್ಕ ಹಾಕಿದರೆ ಅದು ದೊಡ್ಡದಲ್ಲ: ಬೆಳಗ್ಗೆ 25 ಡಿಗ್ರಿಯಲ್ಲಿ 60 ಪಿ.ಎಸ್.ಐ. ಒತ್ತಡಕ್ಕೆ ತುಂಬಿದ ಗಾಳಿ 55 ಡಿಗ್ರಿಗೆ ಕಾದರೂ ಸುಮಾರು 67 ಆಗುತ್ತದೆ. ಟೈರಿನ ಮೇಲೆ ಬರೆದ ಗರಿಷ್ಠಕ್ಕಿಂತ ಹತ್ತು ಕಡಿಮೆ ತುಂಬಿದರೆ ಸಾಕು. ಸಿಡಿಯುವುದು ಬಹುತೇಕ ಅಂಚು ಹರಿದ ಹಳೆಯ ಟೈರು.

ತಿಂಗಳಿಗೊಮ್ಮೆ ಬಿಳಿ ಬಟ್ಟೆಯಿಂದ ರಿಮ್ಮನ್ನು ಒರೆಸುತ್ತ ಪ್ರತಿ ನಿಪ್ಪಲ್ಲಿನ ಸುತ್ತ ಕಣ್ಣಾಡಿಸಿ. ಬೆಳ್ಳನೆಯ ರಿಮ್ಮಿನಲ್ಲಿ ಕಪ್ಪು ಗೆರೆಯಾಗಿ ಕಾಣುವ ಬಿರುಕು ಕಪ್ಪು ರಿಮ್ಮಿನಲ್ಲಿ ಮರೆಯಾಗುತ್ತದೆ. ಬಟ್ಟೆಯ ನೂಲು ಸಿಕ್ಕಿಕೊಂಡ ಕಡೆ ಟಾರ್ಚು ಹಾಕಿ ನೋಡಬೇಕು. ರಿಮ್ ಬ್ರೇಕಿನವರು ಸೆಪ್ಟೆಂಬರ್, ಅಕ್ಟೋಬರಿನ ಮಳೆ ಮುಗಿದ ಮೇಲೆ ಬ್ರೇಕ್ ರಬ್ಬರುಗಳನ್ನು ಬಿಚ್ಚಿ, ಅದರಲ್ಲಿ ನಾಟಿಕೊಂಡ ಕಲ್ಲಿನ ಕಣ, ಲೋಹದ ಚೂರುಗಳನ್ನು ಸೂಜಿಯಿಂದ ತೆಗೆಯಬೇಕು. ದೇವರಾಯನದುರ್ಗದ ಇಳಿಜಾರಿಗೆ ಭಾನುವಾರ ಹೋಗುವವರು ಹೋಗುವ ಮುನ್ನವೇ ಇದನ್ನು ಮಾಡಿರಲಿ.

ಕೊನೆಗೆ ಅಂಗಡಿಯಿಂದ ಹೊರಡುವಾಗ ಬಿಡಿ ಕಡ್ಡಿ ಕೇಳಿ ತೆಗೆದುಕೊಳ್ಳಿ: ಮುಂದಿನ ಚಕ್ರದ್ದು ಎರಡು, ಹಿಂದಿನದರ ಬಲಕ್ಕೆ ಎರಡು, ಎಡಕ್ಕೆ ಎರಡು, ನಿಪ್ಪಲ್ಲು ಸಹಿತ. ಡಿಸ್ಕ್ ಬ್ರೇಕಿನವರಿಗೆ ಮುಂದಿನ ಚಕ್ರದಲ್ಲೂ ಎರಡು ಪಕ್ಕದ ಉದ್ದ ಬೇರೆಯಾಗಿರಬಹುದು. ಗೇರಿನ ಹಿಂಚಕ್ರದಲ್ಲಿ ಬಲಗಡೆಯ ಕಡ್ಡಿ ಎಡಗಡೆಯದಕ್ಕಿಂತ ಒಂದೆರಡು ಮಿ.ಮೀ. ಗಿಡ್ಡ; ಕಣ್ಣಳತೆಗೆ ಸಿಗದ ವ್ಯತ್ಯಾಸ, ಆದ್ದರಿಂದ ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ ಉದ್ದ ಬರೆದಿಡಿ. ಅದೇ ಉದ್ದದ ಕಪ್ಪು ಕಡ್ಡಿ ನಾಲ್ಕು ವರ್ಷದ ನಂತರ ಪೇಟೆಯಲ್ಲಿ ಸಿಗುವ ಭರವಸೆಯಿಲ್ಲ. ನನ್ನ ಹಿಂದಿನ ಚಕ್ರದ ಎಡಪಕ್ಕದಲ್ಲಿ ಇವತ್ತಿಗೂ ಒಂದು ಬಿಳಿಯ ಕಡ್ಡಿ ತಿರುಗುತ್ತಿದೆ.